ಸೀಟು ಸಿಕ್ತು, ಫೀಸು ಎಷ್ಟು?

ಮಾರ್ಚ್ ತಿಂಗಳ ಕೊನೆಯ ವಾರ ಅಮೆರಿಕದ ನಮ್ಮ ಮನೆಗಳಲ್ಲಿ ಒಂದು ಥರ ಮೌನ ಇರುತ್ತೆ. ಹನ್ನೆರಡನೇ ಕ್ಲಾಸಿನ ಮಗು ಇರೋ ಮನೆಗೆ ಆ ವಾರ ಯಾರೂ ಫೋನ್ ಮಾಡಲ್ಲ. ಮಾಡಿದರೂ ‘ಏನಾಯ್ತು?’ ಅಂತ ಕೇಳಲ್ಲ. ಊರಿಗೆ ಯಾವಾಗ ಹೊರಟಿದ್ದೀರಿ, ಅಲ್ಲಿ ಚಳಿ ಕಡಿಮೆ ಆಯ್ತಾ, ಇಷ್ಟೇ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದ ರಿಹರ್ಸಲ್‌ಗೆ ಬಂದ ಅಪ್ಪ ಅಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿ ನಕ್ಕು ಸುಮ್ಮನಾಗ್ತಾರೆ.

2024ರ ಮಾರ್ಚಿನಲ್ಲಿ ನ್ಯೂಜೆರ್ಸಿಯ ನಮ್ಮ ಮನೆಯೂ ಹಾಗೇ ಇತ್ತು. ಮಗಳು ಎಂಟು ಕಾಲೇಜಿಗೆ ಅರ್ಜಿ ಹಾಕಿದ್ದಳು. ಅವಳು ನೋಡ್ತಾ ಇದ್ದದ್ದು ಅಡ್ಮಿಷನ್ ಪೋರ್ಟಲ್. ನಾನು ನೋಡ್ತಾ ಇದ್ದದ್ದು ಅದರ ಪಕ್ಕದ ಟ್ಯಾಬ್, ಫೈನಾನ್ಷಿಯಲ್ ಏಡ್ ಪೋರ್ಟಲ್. ಅವಳ ಫಲಿತಾಂಶಕ್ಕೆ ಒಂದು ದಿನ, ಒಂದು ಗಂಟೆ ಅಂತ ಗೊತ್ತಿತ್ತು. ನನ್ನದಕ್ಕೆ ಅದೂ ಇರಲಿಲ್ಲ. ಒಂದು ಪಟ್ಟಿ ಮಾತ್ರ ಇತ್ತು. ಟ್ಯಾಕ್ಸ್ ರಿಟರ್ನ್: ಬಂದಿದೆ. ಸಂಬಳದ ದಾಖಲೆ: ಬಂದಿದೆ. ಮನೆ ಸಾಲದ ವಿವರ: ಬಂದಿದೆ. ಕೊನೆಯ ಸಾಲು ಮಾತ್ರ ಕೆಂಪು ಬಣ್ಣದಲ್ಲಿ. ಇತರ ಸ್ಥಿರಾಸ್ತಿಯ ಮೌಲ್ಯದ ದಾಖಲೆ: ಬಂದಿಲ್ಲ.

ಆ ‘ಇತರ ಸ್ಥಿರಾಸ್ತಿ’ ಅಂದ್ರೆ ಅರಸೀಕೆರೆ ಹತ್ತಿರದ 2 ಎಕರೆ 20 ಗುಂಟೆ ತೆಂಗಿನ ತೋಟ. ಪಹಣಿಯಲ್ಲಿ ಇವತ್ತಿಗೂ ನಮ್ಮ ತಾತನ ಹೆಸರೇ ಇದೆ. ತಾತ ಹೋಗಿ ಇಪ್ಪತ್ತು ವರ್ಷದ ಮೇಲಾಯ್ತು, ಪೌತಿ ಖಾತೆ ಆಗಿಲ್ಲ, ಭಾಗವೂ ಆಗಿಲ್ಲ. ನಮ್ಮಪ್ಪನೂ ಈಗಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಅದನ್ನ ನೋಡಿಕೊಳ್ತಾರೆ. ಅದರಲ್ಲಿ ನನಗೂ ಒಂದು ಪಾಲಿದೆ ಅನ್ನೋದನ್ನ ಎಲ್ಲರೂ ಒಪ್ತಾರೆ, ಎಷ್ಟು ಅಂತ ಯಾರೂ ಹೇಳಲ್ಲ. (ಇಬ್ಬರು ಅತ್ತೆಯರಿಗೂ ಪಾಲಿದೆ. ಅದನ್ನಂತೂ ಯಾರೂ ಬಾಯಿಬಿಟ್ಟು ಆಡಲ್ಲ.) ಫಾರಂನಲ್ಲಿ ‘ವಾಸದ ಮನೆ ಬಿಟ್ಟು ಬೇರೆ ಆಸ್ತಿ ಇದೆಯೇ?’ ಅಂತ ಕೇಳಿದ್ದರು. ನಾನು ಹರಿಶ್ಚಂದ್ರನ ಮೊಮ್ಮಗನ ಥರ ‘ಇದೆ’ ಅಂತ ಬರೆದೆ.

ಆ ಕೆಂಪು ಸಾಲನ್ನ ದಿನಕ್ಕೆ ಹತ್ತು ಸಲ ನೋಡ್ತಾ ಕೂತಾಗ ಒಂದು ಪ್ರಶ್ನೆ ಹುಟ್ಟಿತು. ಮಗು ಓದೋಕೆ ಹೊರಟಾಗ ಅಪ್ಪನ ಜೇಬು, ತಾತನ ತೋಟ ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದುಕೊಡಿ ಅಂತ ಮೊದಲು ಕೇಳಿದವರು ಯಾರು? ಈ ಸಂಚಿಕೆ ಆ ಹುಡುಕಾಟದ್ದು.

ಅಮೆರಿಕದಲ್ಲಿ ಓದಿಗೆ ದಾನ ಕೊಡೋದು ದೇಶಕ್ಕಿಂತ ಹಳೆಯದು. 1643ರಲ್ಲಿ ಲಂಡನ್ನಿನ ಲೇಡಿ ಆನ್ ಮೌಲ್ಸನ್ ಅನ್ನೋ ವಿಧವೆ ಹಾರ್ವರ್ಡ್‌ಗೆ 100 ಪೌಂಡ್ ಕೊಟ್ಟರು, ಬಡ ವಿದ್ಯಾರ್ಥಿಯೊಬ್ಬನ ಖರ್ಚಿಗೆ ಅಂತ. ಆಕೆಯ ತವರಿನ ಹೆಸರು ರ‍್ಯಾಡ್‌ಕ್ಲಿಫ್. ಮುಂದೆ ಹಾರ್ವರ್ಡ್‌ನ ಹೆಣ್ಣುಮಕ್ಕಳ ಕಾಲೇಜಿಗೆ ಅದೇ ಹೆಸರು ಬಂತು. ಹಣ ಸಂಗ್ರಹಿಸಿ ತಂದವರು ಥಾಮಸ್ ವೆಲ್ಡ್ ಅನ್ನೋ ಪಾದ್ರಿ. ಅವರು ಅದು ಮೊದಲು ತಮ್ಮ ಮಗ ಜಾನ್‌ಗೇ ಸಿಗಲಿ ಅಂತ ಏರ್ಪಾಟು ಮಾಡಿದ್ದರು. ಮುಂದಿನ ವರ್ಷವೇ ಆ ಹುಡುಗ ಗೆಳೆಯನ ಜೊತೆ ಸೇರಿ ರಾತ್ರಿ ಎರಡು ಮನೆಗೆ ಕನ್ನ ಹಾಕಿ ಸಿಕ್ಕಿಬಿದ್ದ. ಕಾಲೇಜಿನ ಅಧ್ಯಕ್ಷರೇ ಚಾಟಿ ಹಿಡಿದು ಹೊಡೆದರು. ಈ ದೇಶದ ವಿದ್ಯಾರ್ಥಿವೇತನದ ಚರಿತ್ರೆ ಶುರುವಾಗೋದೇ ಶಿಫಾರಸು ಮತ್ತು ಕಳ್ಳತನದಿಂದ. ಇದನ್ನ ಓದಿ ನನಗೆ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಮುಂದೆ ಮೂರು ಶತಮಾನ ವ್ಯವಸ್ಥೆ ಹೆಚ್ಚುಕಡಿಮೆ ಹಾಗೇ ಇತ್ತು. ಯಾರೋ ದಾನಿ, ಯಾರೋ ಹುಡುಗ, ನಡುವೆ ಒಬ್ಬ ಪಾದ್ರಿ ಅಥವಾ ಡೀನ್. ಫಾರಂ ಇಲ್ಲ, ಮಾತು ಮಾತ್ರ. ನಮ್ಮಲ್ಲಿ ವಾರಾನ್ನ ಇದ್ದ ಹಾಗೆ. ಮೈಸೂರು, ಬೆಂಗಳೂರು, ಧಾರವಾಡಕ್ಕೆ ಓದೋಕೆ ಬಂದ ಹಳ್ಳಿ ಹುಡುಗ ಸೋಮವಾರ ಒಬ್ಬರ ಮನೆಯಲ್ಲಿ ಊಟ ಮಾಡ್ತಿದ್ದ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಬಡಿಸೋ ತಾಯಿಗೆ ಹುಡುಗನ ಅಪ್ಪ ಏನು ಮಾಡ್ತಾರೆ, ಮನೇಲಿ ಎಷ್ಟು ಜನ, ಎಲ್ಲಾ ಗೊತ್ತಿರ್ತಿತ್ತು. ಹಾಗಂತ ಅದನ್ನ ಹಾಡಿ ಹೊಗಳೋಕೂ ಆಗಲ್ಲ. ಜಾತಿ ಹೊಂದದ ಹುಡುಗನಿಗೆ ಆ ಎಲೆ ಇರಲಿಲ್ಲ. ಅದಕ್ಕೇ ಬೇರೆ ಬೇರೆ ಸಮುದಾಯಗಳು ತಮ್ಮ ತಮ್ಮ ಹಾಸ್ಟೆಲ್ ಕಟ್ಟಿಕೊಳ್ಳಬೇಕಾಯ್ತು. ಗುರುತಿನವರ ಕೈಯಿಂದ ಬರೋ ಸಹಾಯ ಗುರುತಿಲ್ಲದವನ ಹತ್ತಿರ ಹೋಗಲ್ಲ. ಫಾರಂ ಅನ್ನೋದು ಹುಟ್ಟಿದ್ದಕ್ಕೆ ಒಂದು ಒಳ್ಳೆಯ ಕಾರಣ ಇದು.

ಎರಡನೇ ಮಹಾಯುದ್ಧ ಎಲ್ಲವನ್ನೂ ಬದಲಾಯಿಸಿತು. 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಜಿಐ ಬಿಲ್ ಪ್ರಕಾರ ಯುದ್ಧದಿಂದ ಬಂದ ಸೈನಿಕನಿಗೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು, ಒಂಟಿಯಾಗಿದ್ದರೆ ತಿಂಗಳಿಗೆ 50 ಡಾಲರ್ ಜೀವನಖರ್ಚು. ಸುಮಾರು 22 ಲಕ್ಷ ಮಂದಿ ಇದರಿಂದ ಕಾಲೇಜು ಮೆಟ್ಟಿಲು ಹತ್ತಿದರು. ಬಡಗಿಯ ಮಗ, ಗಣಿ ಕೆಲಸದವನ ಮಗ ಹಾರ್ವರ್ಡ್ ಕ್ಲಾಸಿನಲ್ಲಿ ಕೂತರು. ದಕ್ಷಿಣ ರಾಜ್ಯಗಳ ಕಪ್ಪು ಸೈನಿಕರಿಗೆ ಮಾತ್ರ ಕಾನೂನಿನಲ್ಲಿದ್ದದ್ದು ಕೈಗೆ ಸಿಗಲಿಲ್ಲ. ಬಿಳಿಯರ ಕಾಲೇಜುಗಳ ಬಾಗಿಲು ಅವರಿಗೆ ಮುಚ್ಚಿತ್ತು, ಕಪ್ಪು ಜನರ ಕಾಲೇಜುಗಳಲ್ಲಿ ಜಾಗ ಸಾಲಲಿಲ್ಲ.

ಆ ಹೊತ್ತಿನಲ್ಲಿ ಹಾರ್ವರ್ಡ್‌ಗೆ ಬಂದ ಹಳೆಯ ಸೈನಿಕರಿಗೆ ದಾರಿ ತೋರಿಸೋ ಕೆಲಸ ಮಾಡ್ತಿದ್ದವರು ಜಾನ್ ಮನ್ರೋ. ನನ್ನ ಕೆಂಪು ಸಾಲಿನ ಮೂಲಪುರುಷ ಇವರೇ. 1950ರ ಸುಮಾರಿಗೆ ಅವರು ಹಾರ್ವರ್ಡ್‌ನ ಆರ್ಥಿಕ ಸಹಾಯ ವಿಭಾಗದ ಮುಖ್ಯಸ್ಥರಾದರು. ಆಗ ದೊಡ್ಡ ಕಾಲೇಜುಗಳು ಜಾಣ ಹುಡುಗರಿಗಾಗಿ ಹರಾಜು ಕೂಗ್ತಾ ಇದ್ದವು. ಇವರು ಇಷ್ಟು ಸ್ಕಾಲರ್‌ಶಿಪ್ ಅಂದ್ರೆ ಅವರು ಇನ್ನಷ್ಟು. ಅಗತ್ಯವೇ ಇಲ್ಲದ ಶ್ರೀಮಂತರ ಮಗನಿಗೂ ಹಣ ಹೋಗ್ತಿತ್ತು. ಮನ್ರೋ ಒಂದು ಸೂತ್ರ ಮಾಡಿದರು. ಮನೆಯ ಆದಾಯ ಇಷ್ಟು, ಮಕ್ಕಳು ಇಷ್ಟು, ಆದ್ದರಿಂದ ಈ ಕುಟುಂಬ ಇಷ್ಟು ಕೊಡಬಲ್ಲದು, ಉಳಿದದ್ದು ಕಾಲೇಜಿನ ಜವಾಬ್ದಾರಿ. 1954ರಲ್ಲಿ ಕಾಲೇಜ್ ಬೋರ್ಡ್ ಈ ವಿಚಾರವನ್ನ ಹಿಡಿದು ಕಾಲೇಜ್ ಸ್ಕಾಲರ್‌ಶಿಪ್ ಸರ್ವಿಸ್ ಶುರು ಮಾಡಿತು. ಅದರ ಫಾರಂನ ಹೆಸರು ‘ಪೇರೆಂಟ್ಸ್ ಕಾನ್ಫಿಡೆನ್ಷಿಯಲ್ ಸ್ಟೇಟ್‌ಮೆಂಟ್’, ಅಂದ್ರೆ ತಂದೆತಾಯಿಯ ಗೋಪ್ಯ ಹೇಳಿಕೆ. ಒಂದು ಸಲ ತುಂಬಿ ಅಂಚೆಗೆ ಹಾಕಿದರೆ ಎಲ್ಲಾ ಕಾಲೇಜಿಗೂ ಪ್ರತಿ ಹೋಗೋದು. ಇವತ್ತಿನ ಸಿಎಸ್‌ಎಸ್ ಪ್ರೊಫೈಲ್ ಅದರದ್ದೇ ಸಂತಾನ.

ಮನ್ರೋ ಕಥೆ ಅಲ್ಲಿಗೇ ನಿಲ್ಲಲ್ಲ. ಅವರು ಹಾರ್ವರ್ಡ್ ಕಾಲೇಜಿನ ಡೀನ್ ಆದರು. 1967ರಲ್ಲಿ ಆ ಕುರ್ಚಿ ಬಿಟ್ಟು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಮೈಲ್ಸ್ ಕಾಲೇಜ್ ಅನ್ನೋ ಬಡ ಕಪ್ಪು ವಿದ್ಯಾರ್ಥಿಗಳ ಕಾಲೇಜಿಗೆ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳೋಕೆ ಹೋದರು. ಆಮೇಲೆ ಮಿಸಿಸಿಪ್ಪಿಯ ಟೂಗಲೂ ಕಾಲೇಜಿನಲ್ಲಿ ಪಾಠ ಮಾಡಿದರು. ಸೂತ್ರ ಮಾಡಿದ ಮನುಷ್ಯ ಸೂತ್ರಕ್ಕೆ ಸಿಗದವರನ್ನ ಹುಡುಕಿಕೊಂಡು ಹೋದರು ಅಂತ ನನಗೆ ಅನ್ನಿಸುತ್ತೆ. ಇದು ನನ್ನ ಊಹೆ, ಅವರು ಹಾಗೆ ಹೇಳಿದ್ದರು ಅಂತ ಅಲ್ಲ.

1957ರ ಅಕ್ಟೋಬರಿನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಗಾಬರಿಯಾದ ಅಮೆರಿಕ ಮರುವರ್ಷ ರಕ್ಷಣೆಯ ಹೆಸರಿನಲ್ಲಿ ಶಿಕ್ಷಣದ ಕಾನೂನು ತಂದು ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲ ಶುರು ಮಾಡಿತು. ಸಾಲ ಬೇಕಾದ ಹುಡುಗ ತಾನು ಸರ್ಕಾರ ಉರುಳಿಸೋ ಸಂಘಟನೆಗೆ ಸೇರಿಲ್ಲ ಅಂತ ಪ್ರಮಾಣಪತ್ರ ಬರೆದುಕೊಡಬೇಕಿತ್ತು. ಹಲವು ಕಾಲೇಜುಗಳು ಪ್ರತಿಭಟಿಸಿದವು. 1962ರಲ್ಲಿ ಆ ಪ್ರಮಾಣಪತ್ರ ಹೋಯ್ತು, ಸಾಲ ಉಳೀತು.

ಈಗ ನಮ್ಮ ಕಥೆಗೆ ಬರ್ತೀನಿ. 1965ರ ಅಕ್ಟೋಬರ್ 3. ಅಧ್ಯಕ್ಷ ಲಿಂಡನ್ ಜಾನ್ಸನ್ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆಯ ಕೆಳಗೆ ಕೂತು ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಅದಕ್ಕೆ ಮೊದಲು ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100 ಜನ. ಆ ಸಹಿಯಿಂದಲೇ ನಮ್ಮ ಮೊದಲ ತಲೆಮಾರಿನ ಡಾಕ್ಟರು, ಎಂಜಿನಿಯರುಗಳು ಇಲ್ಲಿಗೆ ಬಂದು ನೆಲೆ ನಿಂತದ್ದು. ಜೇಬಿನಲ್ಲಿ ಎಂಟೇ ಡಾಲರ್ ಇತ್ತು ಅಂತ ಕನ್ನಡ ಕೂಟದ ಹಿರಿಯರು ಹೇಳೋದನ್ನ ನೀವೂ ಕೇಳಿರ್ತೀರಿ. ವಿದೇಶಿ ವಿನಿಮಯ ಅಷ್ಟು ಬಿಗಿಯಾಗಿದ್ದ ಕಾಲ ಅದು.

ಸರಿಯಾಗಿ 36 ದಿನ ಆದಮೇಲೆ, ನವೆಂಬರ್ 8ಕ್ಕೆ, ಅದೇ ಜಾನ್ಸನ್ ಟೆಕ್ಸಾಸ್‌ನ ಸ್ಯಾನ್ ಮಾರ್ಕೋಸ್‌ನಲ್ಲಿ ತಾವೇ ಓದಿದ ಕಾಲೇಜಿಗೆ ಹೋಗಿ ಉನ್ನತ ಶಿಕ್ಷಣ ಕಾನೂನಿಗೆ ಸಹಿ ಹಾಕಿದರು. ಕಾಲೇಜಿನ ಖರ್ಚಿಗೆ ದುಡ್ಡಿಲ್ಲದೆ ಓದನ್ನ ನಡುವೆ ನಿಲ್ಲಿಸಿ, ಕೊಟುಲ್ಲಾ ಅನ್ನೋ ಊರಿನಲ್ಲಿ ಮೆಕ್ಸಿಕನ್ ಮಕ್ಕಳಿಗೆ ಒಂದು ವರ್ಷ ಪಾಠ ಹೇಳಿ ಹಣ ಕೂಡಿಸಿದವರು ಅವರು. ಇವತ್ತಿನ ಫೆಡರಲ್ ಸಹಾಯಕ್ಕೆಲ್ಲ ಆ ಕಾನೂನೇ ತಳಪಾಯ. ಒಂದೇ ಶರತ್ಕಾಲ, ಒಬ್ಬನೇ ಅಧ್ಯಕ್ಷ, ಎರಡು ಸಹಿ. ಒಂದು ನಮ್ಮನ್ನ ಒಳಗೆ ಬಿಟ್ಟಿತು, ಇನ್ನೊಂದು ನಮ್ಮ ಮಕ್ಕಳ ಕೈಗೆ ಫಾರಂ ಕೊಟ್ಟಿತು.

ಆದರೆ ಎರಡು ಕಾನೂನು ಒಂದನ್ನೊಂದು ಸರಿಯಾಗಿ ಮಾತಾಡಿಸಲ್ಲ. ನಮಗೆ ಹತ್ತಿರದ ಒಂದು ಕುಟುಂಬದಲ್ಲಿ ಇಬ್ಬರು ಮಕ್ಕಳು. ದೊಡ್ಡವನು ಬೆಂಗಳೂರಿನಲ್ಲಿ ಹುಟ್ಟಿ ಮೂರನೇ ವಯಸ್ಸಿಗೆ ಇಲ್ಲಿಗೆ ಬಂದವನು. ಅಪ್ಪನದು ಎಚ್1ಬಿ, ಗ್ರೀನ್ ಕಾರ್ಡ್ ಸರದಿ ಮುಗಿಯೋ ಲಕ್ಷಣ ಇಲ್ಲ, ಆದ್ದರಿಂದ ಹುಡುಗನದು ಎಚ್4. ಚಿಕ್ಕವಳು ಎಡಿಸನ್‌ನಲ್ಲಿ ಹುಟ್ಟಿದವಳು. ಒಂದೇ ಮನೆ, ಒಂದೇ ಸಂಬಳ, ಒಂದೇ ಸಾರು. ಚಿಕ್ಕವಳು ಫೆಡರಲ್ ಸಹಾಯಕ್ಕೆ ಅರ್ಜಿ ಹಾಕಬಹುದು. ದೊಡ್ಡವನಿಗೆ ಒಂದು ಡಾಲರ್ ಫೆಡರಲ್ ಸಾಲವೂ ಇಲ್ಲ, ಮೇಲಾಗಿ 21 ತುಂಬಿದರೆ ಅಪ್ಪನ ವೀಸಾದ ಆಸರೆಯೂ ತಪ್ಪುತ್ತೆ. ಅವನ ಗೆಳೆಯರು ‘ಫಾಫ್ಸಾ ಮುಗಿಸಿದ್ಯಾ?’ ಅಂತ ಕೇಳಿದಾಗ ಅವನು ‘ಹ್ಞೂಂ’ ಅಂತಿದ್ದನಂತೆ. ಅವರಮ್ಮ ಇದನ್ನ ಹೇಳಿದ ಮೇಲೆ ನಾನು ನಮ್ಮ ಮನೆಯ ಕೆಂಪು ಸಾಲಿನ ಗೋಳನ್ನ ಅವರ ಮುಂದೆ ಹೇಳೋದು ಬಿಟ್ಟೆ.

ಫಾಫ್ಸಾಗೆ ಬರೋಣ. 1972ರಲ್ಲಿ ರೋಡ್ ಐಲೆಂಡ್‌ನ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಪ್ರಯತ್ನದಿಂದ ಬಡ ವಿದ್ಯಾರ್ಥಿಗಳಿಗೆ ನೇರ ಅನುದಾನ ಬಂತು. ಹಣ ಕಾಲೇಜಿನ ಹೆಸರಿಗಲ್ಲ, ವಿದ್ಯಾರ್ಥಿಯ ಹೆಸರಿಗೆ. ಹುಡುಗ ಎಲ್ಲಿ ಹೋದರೆ ಹಣ ಅಲ್ಲಿಗೆ. 1973–74ರಲ್ಲಿ ಗರಿಷ್ಠ 452 ಡಾಲರ್ ಇತ್ತು, 2024–25ಕ್ಕೆ 7,395 ಡಾಲರ್. 1980ರಿಂದ ಅದರ ಹೆಸರು ಪೆಲ್ ಗ್ರಾಂಟ್. ಆಗ ಒಂದೊಂದು ಸಂಸ್ಥೆಯದು ಒಂದೊಂದು ಫಾರಂ, ಅದಕ್ಕೊಂದು ಶುಲ್ಕ. ಸಹಾಯ ಕೇಳೋಕೂ ದುಡ್ಡು ಕೊಡಬೇಕಾಗಿತ್ತು. 1992ರಲ್ಲಿ ಕಾಂಗ್ರೆಸ್ ಎಲ್ಲರಿಗೂ ಒಂದೇ, ಅದೂ ಪುಕ್ಕಟೆ ಫಾರಂ ಇರಲಿ ಅಂತ ಮಾಡಿತು. ಫಾಫ್ಸಾ ಅನ್ನೋ ಹೆಸರಿನ ಮೊದಲ ಅಕ್ಷರವೇ ‘ಫ್ರೀ’. 1997ರಲ್ಲಿ ಅದು ಆನ್‌ಲೈನ್ ಆಯ್ತು.

ಫಾರಂ ಬೆಳೀತಾ ಬೆಳೀತಾ 108 ಪ್ರಶ್ನೆಗೆ ಮುಟ್ಟಿತು. ಟೆನೆಸ್ಸಿಯ ಸೆನೆಟರ್ ಲಮಾರ್ ಅಲೆಕ್ಸಾಂಡರ್ ಅದನ್ನ ಉದ್ದಕ್ಕೆ ಅಂಟಿಸಿ, ಸಭೆಯಲ್ಲಿ ಎತ್ತಿ ಹಿಡಿದು ಬಿಚ್ಚಿ ತೋರಿಸ್ತಿದ್ದರು. ಜಾತಕ ಬಿಚ್ಚಿದ ಹಾಗೆ ಅದು ನೆಲದವರೆಗೆ ಇಳಿಯೋದು. ವರ್ಷಗಟ್ಟಲೆ ತೋರಿಸಿದರು. ಕೊನೆಗೆ 2020ರ ಡಿಸೆಂಬರಿನಲ್ಲಿ, ಅವರು ನಿವೃತ್ತಿಯಾಗೋ ಹೊತ್ತಿಗೆ, ಸರಳೀಕರಣದ ಕಾನೂನು ಪಾಸಾಯ್ತು.

ಆ ಸರಳ ಫಾರಂ ಮೊದಲು ಬಳಕೆಗೆ ಬಂದದ್ದೇ ನನ್ನ ಮಗಳ ವರ್ಷ. ಯಾವಾಗಲೂ ಅಕ್ಟೋಬರ್ 1ಕ್ಕೆ ತೆರೆಯೋದು ಆ ಸಲ 2023ರ ಡಿಸೆಂಬರ್ 30ಕ್ಕೆ ತೆರೀತು, ಅದೂ ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ. ದಿಲ್ಲಿ ತತ್ಕಾಲ್ ಟಿಕೆಟ್‌ಗೆ ಕೂತ ಹಾಗೆ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಆಮೇಲೆ ಲೆಕ್ಕದಲ್ಲಿ ಹಣದುಬ್ಬರವನ್ನ ಸೇರಿಸೋಕೇ ಮರೆತಿದ್ದಾರೆ ಅಂತ ಗೊತ್ತಾಯ್ತು. ಅದನ್ನ ಸರಿಮಾಡಿದ್ದರಿಂದ ವಿದ್ಯಾರ್ಥಿಗಳಿಗೆ 180 ಕೋಟಿ ಡಾಲರ್ ಹೆಚ್ಚು ಸಹಾಯ ಸಿಗಬೇಕಾಗಿತ್ತು, ಆದರೆ ಕಾಲೇಜುಗಳಿಗೆ ಮಾಹಿತಿ ಹೋಗೋದೇ ಮಾರ್ಚ್ ಮಧ್ಯಕ್ಕೆ ಬಂತು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ಅಪ್ಪ ಅಮ್ಮಂದಿರ ಮಕ್ಕಳಿಗೆ ಎಷ್ಟೋ ವಾರ ಫಾರಂ ಮುಗಿಸೋಕೇ ಆಗಲಿಲ್ಲ. ಇವರಲ್ಲಿ ಹೆಚ್ಚಿನವರು ಸಹಾಯ ಅತ್ಯಂತ ಬೇಕಾಗಿದ್ದವರು.

ನಮ್ಮಂಥವರಿಗೆ ಬಿದ್ದ ಪೆಟ್ಟು ಬೇರೆ. ನನ್ನ ಮಗ ಆಗಲೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷ. ಹಳೆಯ ಸೂತ್ರದಲ್ಲಿ ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ತಂದೆತಾಯಿ ಕೊಡಬೇಕಾದ್ದನ್ನ ಎರಡು ಪಾಲು ಮಾಡ್ತಿದ್ದರು. ಹೊಸ ಸೂತ್ರ ಆ ಭಾಗಾಕಾರ ತೆಗೆದುಹಾಕಿತು. ನಾವು ಐದು ವರ್ಷದಿಂದ ಆ ಭಾಗಾಕಾರ ನಂಬಿಕೊಂಡು ಲೆಕ್ಕ ಹಾಕಿದ್ದೆವು. ಹಾಸನದಲ್ಲಿರೋ ಅಮ್ಮನಿಗೆ ತಿಂಗಳು ತಿಂಗಳು ಕಳಿಸೋ ಹಣಕ್ಕೂ ಫಾಫ್ಸಾದಲ್ಲಿ ಜಾಗ ಇಲ್ಲ, ಯಾಕಂದ್ರೆ ಅಮ್ಮ ನಮ್ಮ ಜೊತೆ ಒಂದೇ ಸೂರಿನಲ್ಲಿ ಇಲ್ಲ. 1954ರಲ್ಲಿ ಮನ್ರೋ ಕಣ್ಣ ಮುಂದೆ ಇದ್ದ ಕುಟುಂಬ ಅಪ್ಪ, ಅಮ್ಮ, ಮಕ್ಕಳು. ಸೂತ್ರ ಎಷ್ಟು ಸಲ ಬದಲಾದರೂ ಆ ಮನೆಯ ಗೋಡೆ ಬದಲಾಗಿಲ್ಲ. ತಾತನ ತೋಟದಲ್ಲಿ ನನಗೆ ಪಾಲಿದೆ ಅನ್ನೋದು ಅದಕ್ಕೆ ಕಾಣುತ್ತೆ, ತಾತನ ಸೊಸೆಯ ಔಷಧಿ ಖರ್ಚು ಕಾಣಲ್ಲ.

ಎರಡು ಪೋರ್ಟಲ್ ಯಾಕೆ ಬೇರೆ ಬೇರೆ ಅನ್ನೋದಕ್ಕೂ ಚರಿತ್ರೆ ಇದೆ. ಕೆಲವು ಕಾಲೇಜುಗಳು ಆಯ್ಕೆ ಮಾಡೋವಾಗ ಮನೆಯ ಹಣಕಾಸು ನೋಡಲ್ಲ ಅನ್ನೋ ನಿಯಮ ಇಟ್ಟುಕೊಂಡಿವೆ, ಆದ್ದರಿಂದ ಆ ಕಡತ ಈ ಮೇಜಿಗೆ ಬರಬಾರದು. ಇದು ಒಳ್ಳೆಯದೇ. ಆದರೆ 1950ರ ದಶಕದ ಕೊನೆಯಿಂದ ಐವಿ ಲೀಗ್ ಕಾಲೇಜುಗಳು ಮತ್ತು ಎಂಐಟಿ ಪ್ರತಿ ವಸಂತದಲ್ಲೂ ಕೂತು, ಎರಡು ಮೂರು ಕಡೆ ಸೀಟು ಸಿಕ್ಕ ಒಬ್ಬೊಬ್ಬ ವಿದ್ಯಾರ್ಥಿಗೂ ಎಷ್ಟು ಸಹಾಯ ಅಂತ ಮೊದಲೇ ಮಾತಾಡಿ ಹೊಂದಿಸಿಕೊಳ್ತಿದ್ದವು. ಇದು ಬೆಲೆ ನಿಗದಿ ಮಾಡೋ ಒಳಒಪ್ಪಂದ ಅಂತ ನ್ಯಾಯ ಇಲಾಖೆ ತನಿಖೆ ಮಾಡಿತು. 1991ರಲ್ಲಿ ಎಂಟು ಐವಿಗಳೂ ರಾಜಿಗೆ ಸಹಿ ಹಾಕಿದವು. ಎಂಐಟಿ ಮಾತ್ರ ಕೋರ್ಟಿಗೆ ಹೋಯ್ತು, ಕೆಳಗೆ ಸೋತು, 1993ರಲ್ಲಿ ಮೇಲಿನ ಕೋರ್ಟಿನಿಂದ ಮರುವಿಚಾರಣೆಗೆ ಆದೇಶ ತಂದು, ವರ್ಷದ ಕೊನೆಗೆ ರಾಜಿಯಾಯ್ತು. ಹರಾಜು ತಪ್ಪಿಸೋಕೆ ಹುಟ್ಟಿದ ಒಪ್ಪಂದವೋ, ಅಪ್ಪ ಅಮ್ಮಂದಿರ ಚೌಕಾಸಿ ತಪ್ಪಿಸೋಕೆ ಹುಟ್ಟಿದ್ದೋ? ಎರಡೂ ಅಂತ ನನ್ನ ಅಭಿಪ್ರಾಯ.

ತೋಟದ ಬೆಲೆ ಬೇಕಾಗಿತ್ತಲ್ಲ. ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿ, ‘ನಮ್ಮ ಕಡೆ ಗುಂಟೆಗೆ ಈಗೆಷ್ಟು ನಡೀತಿದೆಯೋ?’ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಯಾಕಣ್ಣ?’ ಅಂದ. ‘ಮಗಳ ಕಾಲೇಜಿಗೆ’ ಅಂದೆ. ಅದಕ್ಕಿಂತ ಕೆಟ್ಟ ಉತ್ತರ ಇರಲಿಲ್ಲ. ಮಾರನೇ ದಿನ ದೊಡ್ಡಪ್ಪನೇ ಫೋನ್ ಮಾಡಿದರು. ನನಗೆ ಫೋನ್ ಮಾಡಿ ಒಂದು ವರ್ಷ ಆಗಿತ್ತು. ‘ಏನೋ, ಭಾಗ ಕೇಳ್ತಿದ್ದೀಯಂತೆ?’

ಒಂದು ಗಂಟೆ ಹಿಡೀತು ವಿವರಿಸೋಕೆ. ಇಲ್ಲಿ ಕಾಲೇಜಿನವರು ಆಸ್ತಿ ಕೇಳ್ತಾರೆ, ಮಾರೋಕಲ್ಲ, ಫೀಸು ಕಡಿಮೆ ಮಾಡೋಕೆ. ‘ಆಸ್ತಿ ಇದೆ ಅಂದ್ರೆ ಫೀಸು ಕಡಿಮೆ ಮಾಡ್ತಾರಾ?’ ಇಲ್ಲ ದೊಡ್ಡಪ್ಪ, ಜಾಸ್ತಿ ಮಾಡ್ತಾರೆ. ‘ಮತ್ಯಾಕೆ ಹೇಳಿದೆ?’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ.

ಮೂರು ದಿನ ಆದಮೇಲೆ ವಾಟ್ಸಾಪಿನಲ್ಲಿ ಎರಡು ಫೋಟೋ ಬಂತು. ಒಂದು, ತಾತನ ಹೆಸರಿನ ಪಹಣಿ. ಇನ್ನೊಂದು, ಗೆರೆ ಹಾಕಿದ ಹಾಳೆಯ ಮೇಲೆ ದೊಡ್ಡಪ್ಪ ಕೈಯಾರೆ ಬರೆದ ಕಾಗದ. ಸದರಿ ಜಮೀನು ಅವಿಭಕ್ತ ಕುಟುಂಬಕ್ಕೆ ಸೇರಿದ್ದು, ನನ್ನ ತಮ್ಮನ ಮಗನು ಇದರಿಂದ ಯಾವುದೇ ಆದಾಯ ಪಡೆಯುತ್ತಿಲ್ಲ, ಇದನ್ನು ಮಾರುವ ಅಧಿಕಾರವೂ ಅವನೊಬ್ಬನಿಗೆ ಇರುವುದಿಲ್ಲ. ಕೆಳಗೆ ಅವರ ಸಹಿ, ಚಿಕ್ಕಪ್ಪನ ಸಹಿ. ಅದರ ಕೆಳಗೆ, ನಾನು ಕೇಳದೇ ಇದ್ದರೂ, ಇಬ್ಬರು ಅತ್ತೆಯರ ಸಹಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ಹುಡುಕಿ, ಪಾಲು ಹಾಕಿ, ಡಾಲರಿಗೆ ತಿರುಗಿಸಿ, ಕಾಗದವನ್ನ ಇಂಗ್ಲಿಷಿಗೆ ಅನುವಾದ ಮಾಡಿ ಎಲ್ಲವನ್ನೂ ಏರಿಸಿದೆ.

ಮಾರ್ಚ್ 28, ಗುರುವಾರ, ಸಂಜೆ 7 ಗಂಟೆ. ಮಗಳು ರೂಮಿನ ಬಾಗಿಲು ಹಾಕಿಕೊಂಡಳು. ನಾವಿಬ್ಬರೂ ಅಡುಗೆಮನೆಯಲ್ಲಿ ಕೆಲಸ ಇಲ್ಲದಿದ್ದರೂ ಪಾತ್ರೆ ಸದ್ದು ಮಾಡ್ತಾ ನಿಂತಿದ್ದೆವು. ಏಳು ಗಂಟೆ ನಾಲ್ಕು ನಿಮಿಷಕ್ಕೆ ‘ಅಪ್ಪಾ’ ಅಂತ ಕೂಗಿದಳು. ದನಿಯಲ್ಲೇ ಗೊತ್ತಾಯ್ತು. ಅವಳು ತುಂಬಾ ಆಸೆಪಟ್ಟಿದ್ದ ಕಾಲೇಜು ಕರೆದಿತ್ತು. ಆ ರಾತ್ರಿ ಅವಳು ಮಲಗಿದ ಮೇಲೆ ನಾನು ನನ್ನ ಟ್ಯಾಬ್ ತೆರೆದೆ. ಕೆಂಪು ಸಾಲು ಹಸಿರಾಗಿತ್ತು. ಕೆಳಗೆ ಹೊಸ ಸಾಲು ಬಂದಿತ್ತು. ಫೆಡರಲ್ ಮಾಹಿತಿಗಾಗಿ ಕಾಯುತ್ತಿದ್ದೇವೆ, ಸಹಾಯದ ಪತ್ರ ತಡವಾಗಬಹುದು, ಉತ್ತರ ಕೊಡೋ ಗಡುವನ್ನ ಮೇ 1ರಿಂದ ಮೇ 15ಕ್ಕೆ ಮುಂದೂಡಿದ್ದೇವೆ.

ನಾನು 1996ರಲ್ಲಿ ಸಿಇಟಿ ಬರೆದವನು. ನಮ್ಮ ರಾಜ್ಯದಲ್ಲಿ ಕ್ಯಾಪಿಟೇಷನ್ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1992ರ ಮೋಹಿನಿ ಜೈನ್ ಮತ್ತು 1993ರ ಉನ್ನಿಕೃಷ್ಣನ್ ತೀರ್ಪುಗಳು ಬಂದ ಮೇಲೆ, 1994ರಿಂದ ಶುರುವಾದ ಪದ್ಧತಿ ಅದು. ಫ್ರೀ ಸೀಟು, ಪೇಮೆಂಟ್ ಸೀಟು ಅಂತ ಎರಡೇ ಜಾತಿ. ಕೌನ್ಸೆಲಿಂಗ್ ದಿನ ಅಪ್ಪ ಅಂಗಿ ಒಳಜೇಬಿನಲ್ಲಿ ಡಿಡಿ ಇಟ್ಟುಕೊಂಡು ಬಂದಿದ್ದರು. ಸೀಟು ಯಾವುದು, ಫೀಸು ಎಷ್ಟು, ಎರಡೂ ಒಂದೇ ಕೌಂಟರಿನಲ್ಲಿ ಗೊತ್ತಾಗಿ, ಮಧ್ಯಾಹ್ನಕ್ಕೆ ನಾವು ಮಸಾಲೆದೋಸೆ ತಿಂದು ಬಸ್ಸು ಹತ್ತಿದ್ದೆವು.

ಏಪ್ರಿಲ್ 9ಕ್ಕೆ ಯುಗಾದಿ ಬಂತು. ಪತ್ರ ಬಂದಿರಲಿಲ್ಲ. ಅಮ್ಮನಿಗೆ ಫೋನ್ ಮಾಡಿದೆ. ಬೇವು ಬೆಲ್ಲ ಆಯ್ತಾ, ಒಬ್ಬಟ್ಟು ಮಾಡಿದ್ರಾ ಅಂತೆಲ್ಲಾ ಆದಮೇಲೆ ಅಮ್ಮ ಕೇಳಿದರು.

‘ಪುಟ್ಟಿಗೆ ಸೀಟು ಸಿಕ್ತಂತೆ?’

‘ಸಿಕ್ತಮ್ಮ.’

‘ಫೀಸು ಎಷ್ಟಂತೆ?’

‘ಅದು ಇನ್ನೂ ಹೇಳಿಲ್ಲ.’

‘ಸೀಟು ಕೊಟ್ಟು ಎಷ್ಟು ದಿನ ಆಯ್ತು?’

‘ಹನ್ನೆರಡು ದಿನ.’

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ‘ಸೀರೆ ಉಡಿಸಿ, ಕನ್ನಡಿ ಮುಂದೆ ನಿಲ್ಲಿಸಿ, ಬೆಲೆ ನಾಳೆ ಹೇಳ್ತೀನಿ ಅನ್ನೋ ಅಂಗಡಿಯವನನ್ನ ನಾನು ಇಷ್ಟು ವರ್ಷದಲ್ಲಿ ನೋಡಿಲ್ಲಪ್ಪ.’